ಕಾಲುವೆ ದಂಡೆಯ ಕಿರಿದಾದ ದಾರಿಯಲ್ಲಿ ಯಾರಾದರೂ ಜಗಳಕ್ಕೆ ನಿಂತರೆ ಸೈಕಲ್ ಸವಾರರು ಏನು ಮಾಡಬೇಕು?

ಪ್ರಶ್ನೆ: ನಾನು ಮಂಡ್ಯ ಕಡೆಯವನು, ಲಂಡನ್ನಿನಲ್ಲಿ ಕೆಲಸ. ಮೈಲ್ ಎಂಡ್‌ನಿಂದ ಕಿಂಗ್ಸ್ ಕ್ರಾಸ್‌ವರೆಗೆ ರೀಜೆಂಟ್ಸ್ ಕೆನಾಲ್ ದಂಡೆಯ ಮೇಲೆ ಸೈಕಲ್‌ನಲ್ಲಿ ಆಫೀಸಿಗೆ ಹೋಗುತ್ತೇನೆ. ಬೆಲ್ ಹೊಡೆದರೂ ಬೈಯುತ್ತಾರೆ, ಹೊಡೆಯದಿದ್ದರೂ ಬೈಯುತ್ತಾರೆ. ಹೋದ ವಾರ ಸೇತುವೆ ಕೆಳಗೆ ಒಬ್ಬ ಅಡ್ಡ ನಿಂತು ಹ್ಯಾಂಡಲ್ ಹಿಡಿದುಕೊಂಡ. 'ಇದು ನಡೆಯುವ ದಾರಿ, ನಿನ್ನ ದೇಶಕ್ಕೆ ಹೋಗು' ಅಂತ ಕೂಗಾಡಿದ. ನಾನೂ ಕೂಗಿದೆ. ಇಬ್ಬರಲ್ಲಿ ಒಬ್ಬರು ನೀರಿಗೆ ಬೀಳುವುದೊಂದು ಬಾಕಿ ಇತ್ತು. ಕಾನೂನು ಯಾರ ಕಡೆ ಇದೆ? ಇಂಥವರ ಎದುರು ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಒಟ್ಟಿಗೆ ಸೇರಿಕೊಂಡಿವೆ. ಬೆಲ್ಲಿಗೆ ಗೊಣಗುವವರು ಬೇರೆ. ಹ್ಯಾಂಡಲ್ ಹಿಡಿದು 'ನಿನ್ನ ದೇಶಕ್ಕೆ ಹೋಗು' ಅಂದವನು ಬೇರೆ. ಮೊದಲನೆಯವರ ಜೊತೆ ನೀವು ದಿನಾ ಹೊಂದಿಕೊಂಡು ಹೋಗಬೇಕು, ಅದಕ್ಕೆ ದಾರಿಯೂ ಇದೆ. ಎರಡನೆಯವನ ವಿಷಯ ಪೊಲೀಸರಿಗೆ ಹೋಗಬೇಕು.

ಎರಡನೆಯದನ್ನೇ ಮೊದಲು ನೋಡೋಣ, ಅದು ಹಳೆಯದಾಗುತ್ತಾ ಹೋದಷ್ಟೂ ಕಷ್ಟ. ಅಡ್ಡಗಟ್ಟಿ ಸೈಕಲ್ ಹಿಡಿದು ಬೆದರಿಸಿದ್ದನ್ನು ಅಲ್ಲಿನ ಕಾನೂನು ಬರೀ ಬಾಯಿ ಜಗಳ ಅಂತ ನೋಡುವುದಿಲ್ಲ. ಬೆದರಿಕೆಯ ಮಾತು, ನಡವಳಿಕೆಗೆ 1986ರ ಪಬ್ಲಿಕ್ ಆರ್ಡರ್ ಆಕ್ಟ್ ಇದೆ. ಅದರ ಜೊತೆ ಜನಾಂಗದ ದ್ವೇಷವೂ ಸೇರಿದ್ದರೆ 1998ರ ಕ್ರೈಮ್ ಆಂಡ್ ಡಿಸಾರ್ಡರ್ ಆಕ್ಟ್ ಪ್ರಕಾರ ಅದು ಇನ್ನೂ ಗಂಭೀರ ಅಪರಾಧ. ಕಣ್ಣೆದುರೇ ನಡೆಯುತ್ತಿದ್ದರೆ, ಮೈಮೇಲೆ ಬರುತ್ತಿದ್ದರೆ 999. ಮುಗಿದ ಮೇಲೆ ಹೇಳುವುದಾದರೆ 101, ಅಥವಾ ಪೊಲೀಸರ ವೆಬ್‌ಸೈಟಿನಲ್ಲೇ ಬರೆಯಬಹುದು. ಹೋದ ವಾರದ್ದಾದರೂ ಪರವಾಗಿಲ್ಲ, ಇವತ್ತೇ ಕೂತು ಬರೆಯಿರಿ. ಅವನು ಆಡಿದ ಮಾತನ್ನು ಇದ್ದ ಹಾಗೇ ಬರೆಯಿರಿ, 'ಕೆಟ್ಟದಾಗಿ ಬೈದ' ಅಂತ ಸುಮ್ಮನೆ ಬರೆದರೆ ಅದಕ್ಕೆ ತೂಕ ಬರುವುದಿಲ್ಲ. ಯಾವ ಸೇತುವೆ, ಎಷ್ಟು ಹೊತ್ತಿಗೆ, ಅವನು ಯಾವ ಕಡೆಯಿಂದ ಬಂದ, ಏನು ಹಾಕಿಕೊಂಡಿದ್ದ, ಜೊತೆಗೆ ನಾಯಿ ಇತ್ತಾ, ಯಾವ ಕೈಯಲ್ಲಿ ಹ್ಯಾಂಡಲ್ ಹಿಡಿದ, ಎಲ್ಲ ಬರೆಯಿರಿ. ಇದು ಜನಾಂಗದ ಕಾರಣಕ್ಕೆ ಆದದ್ದು ಅಂತ ನಿಮಗೆ ಅನ್ನಿಸಿದ್ದರೆ ಹಾಗಂತಲೇ ಸ್ಪಷ್ಟವಾಗಿ ಹೇಳಿ.

ನಮ್ಮವರು ಎಷ್ಟೋ ಜನ ಇಲ್ಲೇ ಸುಮ್ಮನಾಗಿಬಿಡುತ್ತಾರೆ. 'ವೀಸಾ ಮೇಲೆ ಇದ್ದೇವೆ, ಪೊಲೀಸು ಗಿಲೀಸು ಯಾಕೆ ಬೇಕು' ಅಂತ. ಏಟು ತಿಂದವರು, ಬೈಗುಳ ತಿಂದವರು ದೂರು ಕೊಟ್ಟರೆ ವೀಸಾಕ್ಕೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಇನ್ನೊಂದು ಕಡೆಯಿಂದ. ನೀವೇ ಕೈ ಮಾಡಿ, ಅದು ಕೇಸಾಗಿ, ಶಿಕ್ಷೆಯೋ ಪೊಲೀಸರ ಅಧಿಕೃತ ಎಚ್ಚರಿಕೆಯೋ ದಾಖಲಾದರೆ, ಮುಂದೆ ವೀಸಾ ಮುಂದುವರಿಸುವಾಗ, ಖಾಯಂ ವಾಸಕ್ಕೆ ಅರ್ಜಿ ಹಾಕುವಾಗ ಅದನ್ನು ಬರೆಯಬೇಕಾಗುತ್ತದೆ. ಆದ್ದರಿಂದ ಬಾಯಿ ಮುಚ್ಚಿಕೊಂಡು ಸಹಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಕೈ ಮಾತ್ರ ಎತ್ತಬೇಡಿ, ದೂರು ಬಿಡಬೇಡಿ ಅನ್ನುತ್ತೇನೆ.

ಈಗ ದಾರಿ ಯಾರದ್ದು ಅನ್ನುವ ಪ್ರಶ್ನೆ. 'ಇದು ನಡೆಯುವ ದಾರಿ' ಅಂದದ್ದರಲ್ಲಿ ಅರ್ಧ ನಿಜ ಇದೆ. ಆ ದಂಡೆಯನ್ನು ನೋಡಿಕೊಳ್ಳುವುದು ಕೆನಾಲ್ ಆಂಡ್ ರಿವರ್ ಟ್ರಸ್ಟ್. 2012ರಲ್ಲಿ ಬ್ರಿಟಿಷ್ ವಾಟರ್‌ವೇಸ್ ಅನ್ನುವ ಸರಕಾರಿ ಸಂಸ್ಥೆಯಿಂದ ಇಂಗ್ಲೆಂಡ್, ವೇಲ್ಸ್ ಕಾಲುವೆಗಳ ಹೊಣೆ ಅದಕ್ಕೆ ಬಂತು. ಬಹುಪಾಲು ಕಾಲುವೆ ದಂಡೆಗಳಲ್ಲಿ ಸೈಕಲ್‌ಗೆ ಹುಟ್ಟು ಹಕ್ಕು ಅಂತ ಏನೂ ಇಲ್ಲ. ಟ್ರಸ್ಟ್ ಬಿಟ್ಟಿದೆ, ನಾವು ಹೋಗುತ್ತೇವೆ. ಹಿಂದೆ ಸೈಕಲ್ ತರಲು ಪರ್ಮಿಟ್ ಬೇಕಿತ್ತು, ಈಗ ಬೇಡ. ಬಿಡುವಾಗ ಟ್ರಸ್ಟ್ ಹಾಕಿದ ಮುಖ್ಯ ಷರತ್ತು ಇದು: ನಡೆಯುವವರಿಗೆ ಮೊದಲ ಆದ್ಯತೆ, ಸೈಕಲ್‌ನವರು ನಿಧಾನಕ್ಕೆ ಹೋಗಬೇಕು. ಅಂದರೆ ನೀವು ಅಲ್ಲಿ ಸೈಕಲ್ ತುಳಿಯುವುದು ತಪ್ಪಲ್ಲ. ಆದರೆ ನಡೆಯುವವರು ನಿಮಗೆ ದಾರಿ ಬಿಡಲೇಬೇಕು ಅನ್ನುವುದೂ ಇಲ್ಲ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ನ 63ನೇ ನಿಯಮವನ್ನು 2022ರ ಜನವರಿಯಲ್ಲಿ ತಿದ್ದಿದಾಗ, ಇಂಥ ದಾರಿಯಲ್ಲಿ ಸೈಕಲ್‌ನವರು ಹೇಗೆ ಹೋಗಬೇಕು ಅಂತ ಬಿಡಿಸಿಯೇ ಹೇಳಿದರು. ಹಂಚಿಕೊಂಡ ದಾರಿಯಲ್ಲಿ ನಡೆಯುವವರ ಪಕ್ಕಕ್ಕೆ ಅಂಟಿಕೊಂಡು ಹೋಗಬೇಡಿ, ಅದರಲ್ಲೂ ಹಿಂದಿನಿಂದ ವೇಗವಾಗಿ ಬಂದು ಹಾಯಬೇಡಿ, ನೀವು ಬರುತ್ತಿರುವುದು ತಿಳಿಯುವಂತೆ ಮಾಡಿ, ಅವರಿಗೆ ಕಿವಿ ಕೇಳದೇ ಇರಬಹುದು, ಕಣ್ಣು ಕಾಣದೇ ಇರಬಹುದು ಅನ್ನುವುದು ನೆನಪಿರಲಿ.

ಆ ದಾರಿ ಯಾಕಷ್ಟು ಕಿರಿದು ಅಂತ ಗೊತ್ತಾದರೆ ಜನರ ಸಿಟ್ಟೂ ಸ್ವಲ್ಪ ಅರ್ಥವಾಗುತ್ತದೆ. ರೀಜೆಂಟ್ಸ್ ಕೆನಾಲ್ ಪೂರ್ತಿಯಾಗಿ ತೆರೆದದ್ದು 1820ರಲ್ಲಿ, ಪ್ಯಾಡಿಂಗ್ಟನ್ ಕಡೆಯಿಂದ ಲೈಮ್‌ಹೌಸ್‌ವರೆಗೆ ಸುಮಾರು 14 ಕಿಲೋಮೀಟರ್. ದೋಣಿಗಳನ್ನು ಎಳೆಯುತ್ತಿದ್ದದ್ದು ಕುದುರೆ. ಒಂದು ಕುದುರೆ, ಅದರ ಜೊತೆ ಒಬ್ಬ ಮನುಷ್ಯ ನಡೆಯಲು ಎಷ್ಟು ಅಗಲ ಬೇಕೋ ಅಷ್ಟು ದಂಡೆ ಬಿಟ್ಟರು, ಸೇತುವೆ ಕೆಳಗೆ ಅದಕ್ಕಿಂತ ಕಡಿಮೆ. ಹಗ್ಗ ಉಜ್ಜಿ ಉಜ್ಜಿ ಸೇತುವೆಯ ಮೂಲೆಯ ಕಬ್ಬಿಣದಲ್ಲಿ ಬಿದ್ದ ಗೆರೆಗಳನ್ನು ಇವತ್ತಿಗೂ ಬೆರಳಿಟ್ಟು ನೋಡಬಹುದು. ಬೆಚ್ಚಿದ ಕುದುರೆಗಳೇ ನೀರಿಗೆ ಬೀಳುತ್ತಿದ್ದವು, ಅವು ಹತ್ತಿ ಬರಲಿ ಅಂತ ಕ್ಯಾಮ್‌ಡೆನ್ ಹತ್ತಿರ ನೀರೊಳಗೆ ಇಳಿಜಾರು ಕಟ್ಟಿದ್ದೂ ಉಳಿದಿದೆ. ಆ ಅಗಲದಲ್ಲೇ ಈಗ ಆಫೀಸಿನ ಸೈಕಲ್‌ಗಳು, ಓಡುವವರು, ತಳ್ಳುಗಾಡಿಯಲ್ಲಿ ಮಗು ಕರೆದುಕೊಂಡು ಬರುವ ಅಮ್ಮಂದಿರು, ನಾಯಿಗಳು, ಕಾಫಿ ಹಿಡಿದು ನಿಂತವರು ಎಲ್ಲ ಇರಬೇಕು. ನೀರಿನ ಕಡೆ ಕಟಕಟೆ ಇಲ್ಲ.

ಇದರಲ್ಲಿ ಯಾರಿಗೆ ಯಾಕೆ ಸಿಟ್ಟು ಬರುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು, ಎಲ್ಲರನ್ನೂ 'ಜಗಳಗಂಟರು' ಅಂತ ಒಂದೇ ಗಂಟು ಕಟ್ಟಿದರೆ ಪರಿಹಾರ ಸಿಗುವುದಿಲ್ಲ. ದೋಣಿಯಲ್ಲೇ ವಾಸ ಮಾಡುವವರು ತುಂಬ ಜನ ಇದ್ದಾರೆ. ಖಾಯಂ ಜಾಗ ಇಲ್ಲದವರು ಸಾಮಾನ್ಯವಾಗಿ 14 ದಿನಕ್ಕೊಮ್ಮೆ ದೋಣಿಯ ಜಾಗ ಬದಲಿಸುತ್ತಾ ಇರಬೇಕು. ಅವರ ಬಾಗಿಲು ತೆರೆಯುವುದು ನೇರ ದಂಡೆಗೇ. ಬೆಳಿಗ್ಗೆ ಎದ್ದು ಒಂದು ಕಾಲು ಹೊರಗಿಟ್ಟರೆ ಅದು ನಿಮ್ಮ ದಾರಿಯ ನಡುವೆ ಇರುತ್ತದೆ. ಮನೆ ಅಂಗಳದಲ್ಲಿ ಯಾರೋ ಗಾಡಿ ಓಡಿಸಿಕೊಂಡು ಹೋದರೆ ನಮಗೆ ಹೇಗಾಗುತ್ತದೋ ಅವರಿಗೆ ಹಾಗಾಗುತ್ತದೆ. ಅವರ ದೋಣಿಗೂ ಕಾಲುವೆಯಲ್ಲಿ ವೇಗದ ಮಿತಿ ಇದೆ, ಗಂಟೆಗೆ 4 ಮೈಲಿ, ಅಂದರೆ ಜೋರಾಗಿ ನಡೆದಷ್ಟು. ನಿಂತ ದೋಣಿಗಳ ಪಕ್ಕ ಅದಕ್ಕಿಂತ ಕಡಿಮೆ. ಅಷ್ಟು ನಿಧಾನದ ಜಾಗದಲ್ಲಿ ಬದುಕುವವರಿಗೆ ನೀವು 25 ಕಿಲೋಮೀಟರ್ ವೇಗದಲ್ಲಿ ಹಾದುಹೋದದ್ದು ಹೇಗೆ ಕಾಣುತ್ತದೆ ಅಂತ ಯೋಚಿಸಿ.

ಗಾಳ ಹಾಕಿ ಕೂತವರದ್ದು ಇನ್ನೊಂದು ಕಥೆ. ಅವರ ಕೈಯಲ್ಲಿರುವ ಉದ್ದ ಕಾರ್ಬನ್ ಕೋಲು ಕೆಲವು 16 ಮೀಟರ್‌ವರೆಗೂ ಇರುತ್ತದೆ. ಮೀನು ಸಿಕ್ಕಾಗ ಅದನ್ನು ಹಿಂದಕ್ಕೆ ಎಳೆಯುತ್ತಾರೆ, ಅಂದರೆ ಕೋಲು ದಂಡೆಗೆ ಅಡ್ಡ ಬಂದು ಹಿಂದಿನ ಪೊದೆಯೊಳಗೆ ಹೋಗುತ್ತದೆ. ಅವರು ಬೇಕಂತ ಅಡ್ಡ ಹಾಕಿದ್ದಲ್ಲ, ಗಾಳ ಹಾಕುವ ಕ್ರಮವೇ ಹಾಗೆ. ಆ ಕೋಲಿಗೆ ನಮ್ಮ ಸೈಕಲ್‌ಗಿಂತ ಜಾಸ್ತಿ ದುಡ್ಡು ಕೊಟ್ಟವರೂ ಇದ್ದಾರೆ. ಚಕ್ರ ಹತ್ತಿಸಿದರೆ ಮುಗಿಯಿತು. ದೂರದಲ್ಲೇ ನಿಂತು, ಒಂದು ಕಾಲು ಕೆಳಗಿಟ್ಟು, ಅವರು ಕೋಲು ಎತ್ತುವವರೆಗೆ ಕಾಯಿರಿ. ಅರ್ಧ ನಿಮಿಷದ ಕೆಲಸ. ಒಂದೆರಡು ಸಲ ಹಾಗೆ ನಿಂತರೆ ಮೂರನೇ ಸಲ ಅವರೇ ನಿಮ್ಮನ್ನು ನೋಡಿ ಕೋಲು ಎತ್ತುತ್ತಾರೆ.

ಇನ್ನು ಕೆಲವರಿಗೆ ನಿಜಕ್ಕೂ ಭಯ. ಹಿಂದೆ ಯಾರೋ ಗುದ್ದಿರುತ್ತಾರೆ, ಅಥವಾ ಮೈಗೆ ತಾಗಿಕೊಂಡು ಹೋಗಿರುತ್ತಾರೆ. ಅವರ ಕೂಗಿನ ಹಿಂದೆ ಇರುವುದು ಹೆದರಿಕೆ. ಇದನ್ನು ಹೇಳುವಾಗ ನನಗೆ ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನಲ್ಲಿ 2020ರಲ್ಲಿ ನಡೆದ ಘಟನೆ ನೆನಪಾಗುತ್ತದೆ. ರಸ್ತೆ ಪಕ್ಕದ ಕಿರಿದಾದ ದಾರಿಯಲ್ಲಿ ಎದುರು ಬಂದ ವಯಸ್ಸಾದ ಸೈಕಲ್ ಸವಾರೆಯನ್ನು ನೋಡಿ ನಡೆದು ಬರುತ್ತಿದ್ದ ಮಹಿಳೆ ಕೂಗಿ ಕೈ ಬೀಸಿದರು, ಸವಾರೆ ರಸ್ತೆಗೆ ಬಿದ್ದು ಕಾರಿಗೆ ಸಿಕ್ಕಿ ತೀರಿಕೊಂಡರು. ಕೂಗಿದವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಮೈಕೈ ಚಲನೆಗೆ ತೊಂದರೆ ಕೊಡುವ ಸೆರೆಬ್ರಲ್ ಪಾಲ್ಸಿಯೂ ಇತ್ತು. ಅವರಿಗೆ ಆದ ಶಿಕ್ಷೆಯನ್ನು 2024ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಇಬ್ಬರೂ ತಮ್ಮ ಪಾಡಿಗೆ ಹೋಗುತ್ತಿದ್ದ ಸಾಮಾನ್ಯ ಜನ. ಎದುರಿಗೆ ಕೂಗುತ್ತಿರುವವರ ಮೈ, ಕಣ್ಣು, ಕಿವಿ ಹೇಗಿದೆ ಅನ್ನುವುದು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಕೂಗು ಕೇಳಿದ ಕೂಡಲೇ ಮೊದಲು ಬ್ರೇಕು, ಆಮೇಲೆ ಬಾಕಿ ಎಲ್ಲ.

ಲಂಡನ್ನಿನಲ್ಲಿ ದೊಡ್ಡವರಿಗೆ ಸೈಕಲ್ ಕಲಿಸುವುದು ನನ್ನ ಕೆಲಸ. ಕಾಲುವೆ ದಂಡೆಯ ಜಗಳಗಳ ಬಗ್ಗೆ ನನ್ನ ಹತ್ತಿರ ಬರುವ ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ, ಎಷ್ಟು ವೇಗದಲ್ಲಿ ಹೋಗುತ್ತೀರಿ? ಒಂದು ಸಣ್ಣ ಲೆಕ್ಕ ನೋಡಿ. 25 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 7 ಮೀಟರ್ ಮುಂದೆ ಹೋಗುತ್ತೀರಿ. ನಾಯಿ ಅಡ್ಡ ಬಂದದ್ದು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಆ 7 ಮೀಟರ್ ಮುಗಿದಿರುತ್ತದೆ, ಸೈಕಲ್ ನಿಲ್ಲಲು ಇನ್ನೂ ಐದಾರು ಮೀಟರ್ ಬೇಕು, ಮಳೆ ಬಂದಿದ್ದರೆ ಇನ್ನೂ ಜಾಸ್ತಿ. 12 ಕಿಲೋಮೀಟರ್ ವೇಗದಲ್ಲಿ ಒಟ್ಟು ಐದು ಮೀಟರ್ ಒಳಗೆ ನಿಲ್ಲುತ್ತೀರಿ. ಸೇತುವೆ ಕೆಳಗಿನ ತಿರುವಿನಲ್ಲಿ ಎಷ್ಟೋ ಕಡೆ ಕಾಣುವುದೇ ಅಷ್ಟು ದೂರ. 5 ಕಿಲೋಮೀಟರ್ ದಂಡೆಯನ್ನು 20ರ ಬದಲು 12ರ ವೇಗದಲ್ಲಿ ಹೋದರೆ ನಿಮಗೆ 10 ನಿಮಿಷ ಜಾಸ್ತಿ ಆಗುತ್ತದೆ. ಆ 10 ನಿಮಿಷ ಮನೆಯಿಂದ ಬೇಗ ಹೊರಡಲು ಆಗದಿದ್ದರೆ ಕಾಲುವೆ ದಂಡೆ ನಿಮ್ಮ ದಾರಿ ಅಲ್ಲ. ನೇರವಾಗಿ ಹೇಳಿದೆ, ಬೇಸರ ಬೇಡ. ದಂಡೆಯ ಮೇಲಿನ ನೂರು ಕಿರಿಕಿರಿಯಲ್ಲಿ ಬಹುಪಾಲು ವೇಗ ಇಳಿಸಿದ ದಿನವೇ ಹೋಗುತ್ತದೆ. ಎದುರಿನವರ ಸ್ವಭಾವ ನಿಮ್ಮ ಕೈಯಲ್ಲಿಲ್ಲ, ಬ್ರೇಕ್ ಇದೆ.

ಬೆಲ್ಲಿನ ವಿಷಯಕ್ಕೆ ಬರೋಣ. ನಮ್ಮೂರಲ್ಲಿ ಬೆಲ್, ಹಾರ್ನ್ ಅಂದರೆ 'ಬರ್ತಾ ಇದ್ದೀನಿ' ಅಂತ ತಿಳಿಸುವುದು, ಅಷ್ಟೇ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ರಿಟನ್ನಿನಲ್ಲಿ ಎಷ್ಟೋ ಜನರ ಕಿವಿಗೆ ಅದು 'ಸರಿ ಆ ಕಡೆ' ಅನ್ನುವ ಹಾಗೆ ಕೇಳಿಸುತ್ತದೆ. ಬೆನ್ನ ಹಿಂದೆ ಮೂರು ಮೀಟರಿನಲ್ಲಿ ಜೋರಾಗಿ ಬಾರಿಸಿದರೆ ಯಾರಾದರೂ ಬೆಚ್ಚುತ್ತಾರೆ, ಬೆಚ್ಚಿದವರು ಬೈಯುತ್ತಾರೆ. ಹಾಗಂತ ಬಾರಿಸದೇ ಇದ್ದರೆ ಸದ್ದಿಲ್ಲದೆ ಪಕ್ಕ ನುಗ್ಗಿದ ಅಂತ ಬೈಯುತ್ತಾರೆ. ಎರಡಕ್ಕೂ ಉತ್ತರ ದೂರದಲ್ಲಿದೆ. ಹದಿನೈದು, ಇಪ್ಪತ್ತು ಮೀಟರ್ ದೂರದಲ್ಲೇ ಮೆಲ್ಲಗೆ ಎರಡು ಸಲ ಟಿಣ್ ಟಿಣ್ ಅನ್ನಿಸಿ, ಆಮೇಲೆ ವೇಗ ಇಳಿಸಿ, ಅವರು ತಿರುಗಿ ನೋಡಲಿ ಅಂತ ಕಾಯಿರಿ. ಲಂಡನ್ನಿನ ಕಾಲುವೆಗಳಲ್ಲಿ ಎರಡು ಸಲ ಬೆಲ್ ಮಾಡುವ ಈ ಪದ್ಧತಿಯನ್ನು ಅಧಿಕಾರಿಗಳೇ ಹೇಳಿಕೊಟ್ಟದ್ದು. ತಿರುಗಿ ನೋಡಲಿಲ್ಲವಾ? ಕಿವಿಯಲ್ಲಿ ಇಯರ್‌ಫೋನ್ ಇರಬಹುದು, ಕಿವಿಯೇ ಕೇಳಿಸದಿರಬಹುದು. ಮತ್ತೆ ಮತ್ತೆ ಬಾರಿಸಬೇಡಿ. ನಡಿಗೆಯ ವೇಗಕ್ಕೆ ಇಳಿದು, ಹತ್ತಿರ ಹೋಗಿ, ಸಹಜವಾದ ದನಿಯಲ್ಲಿ 'ಹಲೋ, ಕ್ಯಾನ್ ಐ ಸ್ಕ್ವೀಜ್ ಪಾಸ್ಟ್?' ಅನ್ನಿ. 'ಆನ್ ಯುವರ್ ರೈಟ್' ಅಂತ ಕೂಗುವುದು ಬೇಡ. ಬಲ ಅಂತ ಕೇಳಿದ ಕೂಡಲೇ ಬಲಕ್ಕೇ ಹಾರುವವರು ಬೇಕಾದಷ್ಟು ಜನ, ಒಂದು ಕಡೆ ನೀರಿದೆ ಅನ್ನುವುದು ನೆನಪಿರಲಿ. ಹಾದ ಮೇಲೆ 'ಥ್ಯಾಂಕ್ಸ್' ಅನ್ನುವುದನ್ನು ಮರೆಯಬೇಡಿ. ಹಿಂದೆ ಇನ್ನೊಬ್ಬ ಸವಾರ ಬರುತ್ತಿದ್ದರೆ 'ಒನ್ ಮೋರ್ ಬಿಹೈಂಡ್ ಮಿ' ಅಂತ ಹೇಳಿ, ಇಲ್ಲದಿದ್ದರೆ ಅವರು ಮತ್ತೆ ದಾರಿಗೆ ಬಂದು ಎರಡನೆಯವನಿಗೆ ಸಿಕ್ಕಿಕೊಳ್ಳುತ್ತಾರೆ.

ನಾಯಿ ಇದ್ದರೆ ಇನ್ನೊಂದು ಎಚ್ಚರ. ಎಳೆದಷ್ಟೂ ಉದ್ದವಾಗುವ ತೆಳು ದಾರದ ಪಟ್ಟಿ ಹಾಕಿರುತ್ತಾರೆ. ಒಡೆಯ ಗೋಡೆ ಕಡೆ, ನಾಯಿ ನೀರಿನ ಕಡೆ, ನಡುವೆ ಕಾಣದ ದಾರ. ನಾಯಿ, ಒಡೆಯ ಬೇರೆ ಬೇರೆ ಕಡೆ ಇದ್ದರೆ ನಿಲ್ಲುವುದೇ ಸರಿ.

ಸೇತುವೆ ಕೆಳಗೆ ಹೋಗುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನ ಜಗಳ ಹುಟ್ಟುವುದು ಅಲ್ಲೇ. ಕಮಾನು ಬಗ್ಗಿರುತ್ತದೆ, ತಲೆ ತಾಗಬಾರದು ಅಂತ ಸೈಕಲ್‌ನವರು ನೀರಿನ ಅಂಚಿಗೆ ಸರಿಯುತ್ತಾರೆ, ನಡೆಯುವವರೂ ಅದನ್ನೇ ಮಾಡುತ್ತಾರೆ. ಬಿಸಿಲಿನಿಂದ ನೆರಳಿಗೆ ಬಂದ ಕಣ್ಣಿಗೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಸೇತುವೆಗೆ ಮುಂಚೆಯೇ ಎರಡೂ ಕೈಯ ಬೆರಳು ಬ್ರೇಕಿನ ಮೇಲೆ ಇರಲಿ, ಗೇರ್ ಇಳಿಸಿ, ಎರಡು ಸಲ ಬೆಲ್ ಮಾಡಿ, ಒಂದು ಕ್ಷಣ ಕಿವಿಗೊಡಿ. ಒಳಗಿನಿಂದ ಮಾತೋ ಹೆಜ್ಜೆಯ ಸದ್ದೋ ಕೇಳಿದರೆ ಹೊರಗೇ ನಿಲ್ಲಿ, ಅವರು ಬಂದು ಹೋಗಲಿ. ಪೆಡಲಿಗೆ ಬೂಟು ಕಚ್ಚಿಕೊಳ್ಳುವ ಕ್ಲೀಟ್ ಹಾಕಿಕೊಂಡಿದ್ದರೆ ಒಂದು ಕಾಲನ್ನು ಮೊದಲೇ ಬಿಡಿಸಿಕೊಳ್ಳಿ. ಗೋಡೆ ಕಡೆಯ ಕಾಲು, ನೀರಿನ ಕಡೆಯದ್ದಲ್ಲ. ನಿಂತಾಗ ಸೈಕಲ್ ಗೋಡೆ ಕಡೆಗೇ ವಾಲಬೇಕು.

ಇಷ್ಟೆಲ್ಲ ಮಾಡಿದರೂ ಜಗಳಕ್ಕೆ ನಿಂತವನು ನಿಂತೇ ನಿಂತ ಅಂದುಕೊಳ್ಳಿ. ಆಗ ನಿಮ್ಮ ಮುಂದೆ ಇರುವ ಕೆಲಸ ಅಲ್ಲಿಂದ ಒಣ ಬಟ್ಟೆಯಲ್ಲಿ ಹೊರಗೆ ಬರುವುದು. ಯಾರು ಸರಿ ಅಂತ ತೀರ್ಮಾನ ಮಾಡಲು ಸೇತುವೆ ಕೆಳಗೆ ಜಾಗ ಇಲ್ಲ. ಇಳಿಯಿರಿ. ಸೈಕಲ್ ಅವನಿಗೂ ನಿಮಗೂ ನಡುವೆ ಇರಲಿ, ಬೆನ್ನು ನೀರಿನ ಕಡೆಗೆ ಇರದಂತೆ ತಿರುಗಿ ನಿಲ್ಲಿ. ಎರಡೂ ಬ್ರೇಕ್ ಹಿಡಿದುಕೊಳ್ಳಿ, ಅವನು ಎಳೆದರೆ ಸೈಕಲ್ ಉರುಳಬಾರದು. ಹ್ಯಾಂಡಲ್ ಹಿಡಿದುಕೊಂಡರೆ ಕಿತ್ತುಕೊಳ್ಳಬೇಡಿ, ಎಳೆದಾಡಿದಾಗಲೇ ಬೀಳುವುದು. ದನಿ ಇಳಿಸಿ, ಮಾತು ಕಡಿಮೆ ಮಾಡಿ. 'ಓಕೆ, ಐ ಹ್ಯಾವ್ ಸ್ಟಾಪ್ಡ್. ಪ್ಲೀಸ್ ಲೆಟ್ ಗೋ.' ಇಷ್ಟು ಸಾಕು, ಇದನ್ನೇ ಎರಡು ಸಲ, ಮೂರು ಸಲ ಹೇಳಿ. ಕಾನೂನು, ಹೈವೇ ಕೋಡ್, ನನಗೂ ಹಕ್ಕಿದೆ ಅನ್ನುವುದೆಲ್ಲ ಆಗ ಬೇಡ, ರೇಗಿದವನ ಕಿವಿಗೆ ಅದು ಯಾವುದೂ ಇಳಿಯುವುದಿಲ್ಲ. ಬಿಟ್ಟ ಕೂಡಲೇ ಬಂದ ದಾರಿಗೇ ವಾಪಸ್ಸು ಹೋಗುವುದಾದರೂ ಸರಿ, ಹೋಗಿ. ಮೇಲೆ ರಸ್ತೆಗೆ ಹತ್ತುವ ಮೆಟ್ಟಿಲೋ ಇಳಿಜಾರೋ ಪ್ರತಿ ಸೇತುವೆಯ ಹತ್ತಿರ ಇಲ್ಲದಿದ್ದರೂ ಬಹಳ ಕಡೆ ಇದೆ. ನಿಮ್ಮ ದಾರಿಯಲ್ಲಿ ಅವು ಎಲ್ಲೆಲ್ಲಿವೆ ಅಂತ ಒಂದು ಭಾನುವಾರ ನೋಡಿಟ್ಟುಕೊಳ್ಳಿ, ಗಾಬರಿಯಲ್ಲಿ ಹುಡುಕುವ ಪಾಡು ಬೇಡ. ಸೇತುವೆಗಳ ಹೆಸರೂ ನಂಬರೂ ಅಲ್ಲೇ ಬರೆದಿರುತ್ತದೆ. 999ಕ್ಕೆ ಕರೆ ಮಾಡಿದಾಗ ಅದನ್ನು ಹೇಳಿದರೆ ಬೇಗ ಜಾಗ ಸಿಗುತ್ತದೆ.

ಫೋನ್ ತೆಗೆದು ವಿಡಿಯೋ ಮಾಡುವುದರ ಬಗ್ಗೆ ಬಹಳ ಜನ ಕೇಳುತ್ತಾರೆ. ಹ್ಯಾಂಡಲ್ ಮೇಲೋ ಹೆಲ್ಮೆಟ್ ಮೇಲೋ ಮೊದಲೇ ಕ್ಯಾಮೆರಾ ಇದ್ದರೆ ಒಳ್ಳೆಯದು, ಪೊಲೀಸರಿಗೆ ಕೊಡಲು ಸಾಕ್ಷಿ. ಜಗಳದ ನಡುವೆ ಫೋನ್ ಎತ್ತಿ ಮುಖಕ್ಕೆ ಹಿಡಿಯುವುದು ಬೇಡವೇ ಬೇಡ. ಒಂದು ಕೈ ಬ್ರೇಕಿನಿಂದ ಹೋಯಿತು, ಅವನ ಸಿಟ್ಟು ಇಮ್ಮಡಿಯಾಯಿತು, ಫೋನ್ ನೀರಿಗೆ ಹೋಯಿತು. ಮಾಡಿದ ವಿಡಿಯೋವನ್ನು ಎಲ್ಲ ಗ್ರೂಪಿಗೂ ಹಾಕುವುದೂ ಬೇಡ, ಪೊಲೀಸರಿಗೆ ಮಾತ್ರ ಕೊಡಿ.

ಇನ್ನೊಂದು ಬಗೆಯವರಿದ್ದಾರೆ, ಜಗಳ ಅವರಿಗೆ ನೆಪ, ಬೇಕಾದದ್ದು ನಿಮ್ಮ ಸೈಕಲ್ಲು. ಕತ್ತಲಾದ ಮೇಲೆ ರೀಜೆಂಟ್ಸ್ ಕೆನಾಲ್, ಲೀ ನದಿಯ ದಂಡೆ, ಹ್ಯಾಕ್ನಿ ಕಡೆಗಳಲ್ಲಿ ಸೈಕಲ್ ಕಿತ್ತುಕೊಂಡ ಘಟನೆಗಳು ಆಗಿವೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮುಂದೆ ಒಬ್ಬ ಅಡ್ಡ ನಿಂತು, ಹಿಂದೆ ಇನ್ನೊಬ್ಬ ಕಾಣಿಸಿಕೊಂಡರೆ ಮಾತುಕತೆ ಬೇಡ, ಸೈಕಲ್ ಕೊಟ್ಟು ಬನ್ನಿ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಸಂಜೆ ದಂಡೆಗೆ ಇಳಿಯಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇದರಲ್ಲಿ ನಾನು ಒಂದಿಷ್ಟೂ ರಾಜಿ ಆಗುವುದಿಲ್ಲ.

ನೀರಿಗೆ ಬಿದ್ದರೆ? ಈಜು ಬಂದರೂ ತಣ್ಣೀರಿನ ಹೊಡೆತಕ್ಕೆ ಉಸಿರು ಕಟ್ಟುತ್ತದೆ. ಮೊದಲು ಅಂಚು ಹಿಡಿದುಕೊಂಡು ಉಸಿರು ಸುಧಾರಿಸಿಕೊಳ್ಳಿ, ಸೈಕಲ್ ಹೋದರೆ ಹೋಗಲಿ. ಆಮೇಲಿನ ಮಾತು ಹೆಚ್ಚು ಜನರಿಗೆ ಹೊಳೆಯುವುದಿಲ್ಲ. ನಮ್ಮ ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಇಲಿಜ್ವರ ಅಂತ ಬರುತ್ತದಲ್ಲ, ಅದೇ ಕಾಯಿಲೆ ಇಂಗ್ಲೆಂಡಿನ ಕಾಲುವೆ ನೀರಿನಿಂದಲೂ ಬರಬಹುದು. ಅಲ್ಲಿ ಅದನ್ನು ವೀಲ್ಸ್ ಡಿಸೀಸ್ ಅನ್ನುತ್ತಾರೆ. ಬಿದ್ದು ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಲುವೆಗೆ ಬಿದ್ದಿದ್ದೆ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಬರೀ ಫ್ಲೂ ಅಂತ ಕಳಿಸಿಬಿಡಬಹುದು.

ದಾರಿ ಬದಲಿಸುವ ಬಗ್ಗೆ ಯೋಚಿಸಿದ್ದೀರಾ? ಅದು ಸೋತು ಓಡಿಹೋದಂತೆ ಅಂತ ನೀವು ಅಂದುಕೊಳ್ಳಬೇಕಿಲ್ಲ. ಕಾಲುವೆ ಹೇಗಿದ್ದರೂ ಇಸ್ಲಿಂಗ್ಟನ್ ಸುರಂಗಕ್ಕೆ ಬಂದಾಗ ನಿಮ್ಮನ್ನು ರಸ್ತೆಗೆ ಹತ್ತಿಸುತ್ತದೆ, 878 ಮೀಟರ್ ಉದ್ದದ ಆ ಸುರಂಗದೊಳಗೆ ದಂಡೆಯೇ ಇಲ್ಲ. ಮೈಲ್ ಎಂಡ್‌ನಿಂದ ವಿಕ್ಟೋರಿಯಾ ಪಾರ್ಕ್ ತನಕ ಜನ ಸ್ವಲ್ಪ ಕಡಿಮೆ, ಅಲ್ಲಿಯವರೆಗೆ ದಂಡೆಯಲ್ಲೇ ಬನ್ನಿ. ಬ್ರಾಡ್‌ವೇ ಮಾರ್ಕೆಟ್ ಹತ್ತಿರ ಮೇಲೆ ಹತ್ತಿ ಲಂಡನ್ ಫೀಲ್ಡ್ಸ್ ಕಡೆ ಹೋದರೆ ಸೈಕಲ್‌ವೇ 27 ಅನ್ನುವ ಗುರುತು ಹಾಕಿದ ಸೈಕಲ್ ಮಾರ್ಗ ಸಿಗುತ್ತದೆ. ಡಿ ಬೋವಾ, ಏಂಜಲ್ ಮೂಲಕ ಬ್ಲೂಮ್ಸ್‌ಬರಿ ಕಡೆ ಹೋಗುವ ದಾರಿ ಅದು, ಬಹುಪಾಲು ವಾಹನ ಕಡಿಮೆ ಇರುವ ಗಲ್ಲಿ ರಸ್ತೆಗಳು. ಕಾಲುವೆಗೆ ಹೆಚ್ಚುಕಮ್ಮಿ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿ ನೀವು 20ರಲ್ಲಿ ಹೋದರೂ ಯಾರಿಗೂ ತೊಂದರೆ ಇಲ್ಲ. ಬೆಳಗಿನ ಎಂಟರಿಂದ ಒಂಬತ್ತರ ಗದ್ದಲಕ್ಕೆ ಆ ದಾರಿ, ಬಿಡುವಿದ್ದಾಗ ಕಾಲುವೆ ದಂಡೆ, ಹೀಗೆ ಇಟ್ಟುಕೊಳ್ಳಿ. ರಸ್ತೆಯ ಭಯ ಇದ್ದರೆ ನಿಮ್ಮ ಬರೋ ಕೌನ್ಸಿಲ್‌ನಲ್ಲಿ, ಅಂದರೆ ನಿಮ್ಮ ಭಾಗದ ಸ್ಥಳೀಯ ಆಡಳಿತದಲ್ಲಿ, ಕೇಳಿ. ಲಂಡನ್ನಿನ ಬಹಳಷ್ಟು ಕೌನ್ಸಿಲ್‌ಗಳು ದೊಡ್ಡವರಿಗೆ ಉಚಿತವಾಗಿ ಸೈಕಲ್ ತರಬೇತಿ ಕೊಡುತ್ತವೆ, ಆಫೀಸಿಗೆ ಹೋಗುವ ನಿಮ್ಮ ದಾರಿಯಲ್ಲೇ ಜೊತೆಗೆ ಬಂದು ಹೇಳಿಕೊಡಿ ಅಂತ ಕೇಳಬಹುದು.

ಕೊನೆಯದಾಗಿ ಇನ್ಶೂರೆನ್ಸ್. 2015ರಲ್ಲಿ ಲಂಡನ್ ಬ್ರಿಡ್ಜ್ ಹತ್ತಿರ ಫೋನ್ ನೋಡುತ್ತಾ ರಸ್ತೆ ದಾಟುತ್ತಿದ್ದ ಮಹಿಳೆಗೆ ಸೈಕಲ್ ಸವಾರನೊಬ್ಬ ಡಿಕ್ಕಿ ಹೊಡೆದ. ಅವನು ಜೋರು ಹಾರ್ನ್ ಮಾಡಿದ್ದ, ಕೂಗಿಯೂ ಇದ್ದ, ಹಸಿರು ದೀಪವೂ ಇತ್ತು. ಆದರೂ 2019ರಲ್ಲಿ ಕೋರ್ಟು ಇಬ್ಬರದ್ದೂ ಸಮಪಾಲು ತಪ್ಪು ಅಂದಿತು. ಜನ ಅನಿರೀಕ್ಷಿತವಾಗಿ ನಡೆದುಕೊಳ್ಳುತ್ತಾರೆ, ಸವಾರ ಅದಕ್ಕೆ ತಯಾರಿರಬೇಕು ಅನ್ನುವುದು ನ್ಯಾಯಾಧೀಶರ ಮಾತಿನ ಸಾರ. ಪರಿಹಾರ ನಾಲ್ಕು ಸಾವಿರ ಪೌಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೋರ್ಟು ಖರ್ಚು ಮಾತ್ರ ಅದರ ಎಷ್ಟೋ ಪಟ್ಟು, ಅವನ ಹತ್ತಿರ ಇನ್ಶೂರೆನ್ಸ್ ಇರಲಿಲ್ಲ. ಬೆಲ್ ಮಾಡಿದ್ದೆ ಅನ್ನುವುದು ನಿಮ್ಮನ್ನು ಪೂರ್ತಿ ಕಾಪಾಡುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದಲ್ವಾ? ಸೈಕ್ಲಿಂಗ್ ಯುಕೆ, ಲಂಡನ್ ಸೈಕ್ಲಿಂಗ್ ಕ್ಯಾಂಪೇನ್ ಥರದ ಸಂಘಗಳ ಸದಸ್ಯರಾದರೆ, ನಿಮ್ಮಿಂದ ಬೇರೆಯವರಿಗೆ ಆದ ಹಾನಿಗೆ ಇನ್ಶೂರೆನ್ಸ್ ಚಂದಾದ ಜೊತೆಗೇ ಬರುತ್ತದೆ. ಪೊಲೀಸ್ ದೂರು ಬರೆದು ಮುಗಿಸಿದ ಮೇಲೆ ಇದನ್ನೂ ಮಾಡಿಬಿಡಿ.